ಉಸ್ಮಾನಿಯಾದ ತುರ್ತು ಬಾಗಿಲಲ್ಲಿ ಮೊದಲ ನಿರ್ಧಾರ ಯಾರದು? ತೆಲಂಗಾಣದ ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ



ಹೈದರಾಬಾದಿನ ಗೋಶಾಮಹಲಿನಲ್ಲಿ 2025ರ ಜನವರಿ 31ರಂದು ಶಂಕುಸ್ಥಾಪನೆಯಾದ, 2,000 ಹಾಸಿಗೆಗಳ ಹೊಸ ಉಸ್ಮಾನಿಯಾ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಯಾವ ರೋಗಿಯನ್ನು ಮೊದಲು ಒಳಗೆ ಕರೆದೊಯ್ಯಬೇಕೆಂದು ನಿರ್ಧರಿಸುವ ಅಧಿಕಾರವನ್ನು, ಅದಕ್ಕೆಂದೇ ತರಬೇತಾದ ನರ್ಸುಗಳಿಗೆ ಲಿಖಿತ ಆದೇಶದ ಮೂಲಕ ಕೊಡಬೇಕು ಎಂಬುದು ಈ ಪತ್ರದ ಮುಖ್ಯ ಬೇಡಿಕೆ.

ಉಸ್ಮಾನಿಯಾ ಕುರಿತ ಚರ್ಚೆಯೆಲ್ಲ ಶತಮಾನದಿಂದ ಕಟ್ಟಡ ಮತ್ತು ನೀರಿನ ಸುತ್ತಲೇ ನಡೆದಿದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಅಫ್ಜಲ್‌ಗಂಜಿನ ಹಳೆಯ ಆಸ್ಪತ್ರೆ ಹಾಳಾದಾಗ ಆವರಣದ ಹುಣಸೆಮರವನ್ನೇರಿದವರು ಬದುಕುಳಿದದ್ದನ್ನೂ, ಏಳನೆಯ ನಿಜಾಮರು ಬಳಿಕ ಕಟ್ಟಿಸಿದ ಭವ್ಯ ಕಟ್ಟಡದ ವಾರ್ಡುಗಳಿಗೆ 2020ರ ಜುಲೈನಲ್ಲಿ ನೀರು ನುಗ್ಗಿ ರೋಗಿಗಳನ್ನು ಸ್ಥಳಾಂತರಿಸಬೇಕಾದದ್ದನ್ನೂ ನಗರ ಮರೆತಿಲ್ಲ. ಆ ನೆನಪು ನ್ಯಾಯವಾದದ್ದೇ. ಆದರೆ ತುರ್ತು ವಿಭಾಗದ ಬಾಗಿಲಲ್ಲಿ ಯಾರು ನಿಲ್ಲುತ್ತಾರೆ, ಅವರ ಮಾತಿಗೆ ಎಷ್ಟು ಬೆಲೆಯಿದೆ ಎಂಬ ಪ್ರಶ್ನೆ ಯಾವ ನಕ್ಷೆಯಲ್ಲೂ ಮೂಡುವಂಥದ್ದಲ್ಲ.

ರೋಗಿಗಳನ್ನು ಬಂದ ಸರದಿಯಂತೆ ನೋಡದೆ ಪ್ರಾಣಾಪಾಯದ ತೀವ್ರತೆಗೆ ತಕ್ಕಂತೆ ವಿಂಗಡಿಸುವ ಕ್ರಮಕ್ಕೆ ಟ್ರಯಾಜ್ ಎನ್ನುತ್ತಾರೆ; ದೆಹಲಿಯ ಏಮ್ಸ್ ರೂಪಿಸಿಕೊಂಡ ಪದ್ಧತಿಯಲ್ಲಿ ಈ ವಿಂಗಡಣೆಗೆ ಕೆಂಪು (ಅತಿ ತುರ್ತು), ಹಳದಿ, ಹಸಿರು ಎಂಬ ಮೂರು ಬಣ್ಣಗಳಿವೆ. ಕೈ ಕೊಯ್ದುಕೊಂಡು ಕೂಗಾಡುತ್ತಿರುವ ಯುವಕನ ಪಕ್ಕದಲ್ಲಿ ಎದೆನೋವೇ ಇಲ್ಲದೆ ಬರೀ ಬೆವರುತ್ತ, ಸುಸ್ತೆಂದು ಗೋಡೆಗೊರಗಿ ಕೂತ ಮಧುಮೇಹಿ ಮಹಿಳೆಗೆ ಹೃದಯಾಘಾತವಾಗಿರಬಹುದೆಂದು ಶಂಕಿಸಿ, ಹತ್ತು ನಿಮಿಷದೊಳಗೆ ಇಸಿಜಿ ಆಗುವಂತೆ ನೋಡಿಕೊಳ್ಳುವುದು ಆ ಬಾಗಿಲಿನ ಕೆಲಸ. ತೆಲಂಗಾಣದ ಹಳ್ಳಿಗಳಿಂದಲೂ ಕಲ್ಯಾಣ ಕರ್ನಾಟಕದಿಂದಲೂ ಬರುವ ಕೀಟನಾಶಕ ಸೇವನೆಯ ಪ್ರಕರಣಗಳಲ್ಲಿ ಈ ಹೊಣೆ ಇನ್ನೂ ಗಾಢವಾಗುತ್ತದೆ: ಬೆಳ್ಳುಳ್ಳಿಯಂಥ ಘಾಟು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಸುರಿಯುವ ಜೊಲ್ಲು ಇವನ್ನು ಕಂಡೊಡನೆ ವೈದ್ಯರನ್ನು ಕರೆದು, ಬಟ್ಟೆ ಕಳಚಿ ಮೈ ತೊಳೆದು, ಅಟ್ರೋಪಿನ್ ಶುರುವಾದ ಮೇಲೆ ಐದೈದು ನಿಮಿಷಕ್ಕೊಮ್ಮೆ ಎದೆಗೆ ಸ್ಟೆತಸ್ಕೋಪ್ ಇಟ್ಟು ಶ್ವಾಸಕೋಶದ ಗೊರಗೊರ ನಿಂತಿತೇ, ನಾಡಿ ಏರಿತೇ ಎಂದು ನೋಡುತ್ತ, ಔಷಧಿ ಮಿತಿಮೀರಿ ರೋಗಿ ಬಡಬಡಿಸತೊಡಗಿದರೆ ಅದನ್ನೂ ಗುರುತಿಸುತ್ತ ರಾತ್ರಿಯಿಡೀ ಹಾಸಿಗೆಯ ಬಳಿ ಇರುವವರು ನರ್ಸುಗಳೇ. ಇದನ್ನು ವೈದ್ಯರಿಗೆ ನೆರವಾಗುವ ಕೆಲಸವೆಂದಷ್ಟೇ ಕರೆಯುವುದು ಅನ್ಯಾಯ.

ಈ ಬಾಗಿಲು ಹೈದರಾಬಾದಿಗರಿಗಷ್ಟೇ ಸೇರಿದ್ದಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಬೀದರ್, ಕಲಬುರಗಿ, ರಾಯಚೂರು ಸೀಮೆಯವರು ಕೈಮೀರಿದ ಕಾಯಿಲೆಗೆ ಇಂದಿಗೂ ಈ ನಗರದ ದಾರಿ ಹಿಡಿಯುತ್ತಾರೆ; ಬೀದರಿನಿಂದ ಸುಮಾರು 140 ಕಿಲೋಮೀಟರು ಬಂದಿಳಿದವನು 'ಎದಿ ಹಿಡದಂಗ ಆಗ್ಯದ' ಎಂದಾಗ ಅದನ್ನು ಅರಿತು ಬರೆದುಕೊಳ್ಳುವವರು ಎದುರಿಗಿರಬೇಕು. 108 ಆಂಬುಲೆನ್ಸ್ ಸೇವೆ 2005ರಲ್ಲಿ ಹುಟ್ಟಿದ್ದೂ ಇದೇ ನಗರದಲ್ಲಿ. ಆ ಸೇವೆ ರಸ್ತೆಯಲ್ಲಿ ಉಳಿಸಿದ ನಿಮಿಷಗಳು ಆಸ್ಪತ್ರೆಯ ಹೊಸ್ತಿಲಲ್ಲಿ ಸೋರಿಹೋಗಬಾರದು.

ತುರ್ತು ಚಿಕಿತ್ಸೆ ನೀಡುವುದು ಸರ್ಕಾರಿ, ಖಾಸಗಿ ಎನ್ನದೆ ಪ್ರತಿಯೊಬ್ಬ ವೈದ್ಯರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲಿ, ಪರಮಾನಂದ ಕಟಾರ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ವೈದ್ಯರು ಬರುವ ಮುನ್ನ ರೋಗಿಯನ್ನು ಕಾಣುವ ನರ್ಸಿನ ಅಧಿಕಾರ ಮಾತ್ರ ಬಹುಪಾಲು ಆಸ್ಪತ್ರೆಗಳಲ್ಲಿ ರೂಢಿಯ ಬಲದ ಮೇಲೇ ನಿಂತಿದೆ. ಬೆಂಬಲದ ಆದೇಶವಿಲ್ಲದಿದ್ದರೆ, ಪ್ರಭಾವಿಗಳ ಕಡೆಯವರೊಬ್ಬರು ಬಾಗಿಲಲ್ಲಿ ಗದ್ದಲ ಎಬ್ಬಿಸಿದಾಗ ಕೆಂಪು ಪಟ್ಟಿಯ ಬಡ ರೋಗಿಯ ಪರವಾಗಿ ಗಟ್ಟಿಯಾಗಿ ನಿಲ್ಲುವುದು ನರ್ಸುಗಳಿಗೆ ಕಷ್ಟ. ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಕೆಲ ತಿಂಗಳಿಗೊಮ್ಮೆ ನರ್ಸುಗಳ ವಾರ್ಡು ಬದಲಿಸುವ ಪದ್ಧತಿ. ಕಣ್ಣಿಗೂ ಕೈಗೂ ತುರ್ತು ವಿಭಾಗದ ಹದ ಕೂಡಿಬರುವ ಹೊತ್ತಿಗೆ ಅವರನ್ನು ಬೇರೆಡೆಗೆ ಕಳುಹಿಸಿದರೆ, ಕಲಿಕೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಅದೂ ರೋಗಿಗಳ ಜೀವದ ಮೇಲೆ.

2024ರ ಜನವರಿಯಲ್ಲಿ ಎಲ್.ಬಿ. ಸ್ಟೇಡಿಯಮ್ಮಿನಲ್ಲಿ ಸುಮಾರು 7,000 ನರ್ಸುಗಳಿಗೆ ನೇಮಕಾತಿ ಪತ್ರ ನೀಡಿದ ಸರ್ಕಾರಕ್ಕೆ ಇದನ್ನೆಲ್ಲ ಸರಿಪಡಿಸುವುದು ಅಸಾಧ್ಯವಾದ ಕೆಲಸವಲ್ಲ. ಸಂಖ್ಯೆ ಹೆಚ್ಚಿಸಿದ್ದು ಸ್ವಾಗತಾರ್ಹ. ಅವರಲ್ಲಿ ಆಸಕ್ತರನ್ನು ಆರಿಸಿ, ತುರ್ತು ಶುಶ್ರೂಷೆಯಲ್ಲಿ ತರಬೇತಿ ಕೊಟ್ಟು, ಕನಿಷ್ಠ ಮೂರು ವರ್ಷ ಅಲ್ಲಿಯೇ ಉಳಿಸುವುದು ಮುಂದಿನ ಹೆಜ್ಜೆಯಾಗಬೇಕು. ವೈದ್ಯರ ಸಹಿಗೆ ಕಾಯದೆ ಆಮ್ಲಜನಕ ಕೊಡುವುದು, ಇಸಿಜಿ ತೆಗೆಯುವುದು, ರಕ್ತದ ಸಕ್ಕರೆ ನೋಡುವುದು, ಕೆಂಪು ಪಟ್ಟಿಯ ರೋಗಿಗೆ ಹಿರಿಯ ವೈದ್ಯರನ್ನು ಕರೆಸುವುದು ಇವಿಷ್ಟಕ್ಕೆ ಮುಂಚಿತವಾಗಿಯೇ ಅನುಮತಿ ನೀಡುವ ಸ್ಥಾಯಿ ಆದೇಶವನ್ನು ಗೋಶಾಮಹಲಿನ ಕಟ್ಟಡ ಮುಗಿಯುವ ತನಕ ತಡೆಯದೆ, ನಗರದ ಗಾಂಧಿ ಆಸ್ಪತ್ರೆಯಲ್ಲೂ ಈಗಿನ ಉಸ್ಮಾನಿಯಾದಲ್ಲೂ ಇಂದೇ ಜಾರಿಗೆ ತರಬಹುದು. ಆದೇಶದ ಕರಡು ಸಿದ್ಧಪಡಿಸುವ ಸಮಿತಿಯಲ್ಲಿ ರಾತ್ರಿ ಪಾಳಿಯ ನರ್ಸುಗಳಿಗೂ ಸ್ಥಾನವಿರಲಿ, ಅವರ ಅಭಿಪ್ರಾಯ ಸಭೆಯ ನಡಾವಳಿಯಲ್ಲಿ ದಾಖಲಾಗಲಿ ಎಂದು ಸಚಿವರಲ್ಲಿ ವಿನಂತಿ.