ಬರ ತಾಳುವ ಬೆಳೆ: ತಳಿಯೊಂದರಿಂದಲೇ ಬಗೆಹರಿಯದ ಹೊಸಹಳ್ಳಿ ಸೀಮೆಯ ಸಮಸ್ಯೆ

ಬರ ಹಾಗೂ ಲವಣಾಂಶವನ್ನು ತಾಳಿಕೊಳ್ಳಬಲ್ಲ, ಜೀನ್ ಪರಿಷ್ಕರಣೆಗೆ ಒಳಪಟ್ಟ ಭತ್ತದ ತಳಿಯನ್ನು ಕೇಂದ್ರ ಕೃಷಿ ಸಚಿವಾಲಯ 2025ರ ಮೇ 4ರಂದು ದೆಹಲಿಯಲ್ಲಿ ಪ್ರಕಟಿಸಿತು. 'ಪೂಸಾ ಡಿಎಸ್‌ಟಿ ರೈಸ್-1' ಎಂಬ ಈ ತಳಿಯ ಬಗ್ಗೆ ದೇಶದೆಲ್ಲೆಡೆ ಚರ್ಚೆ ನಡೆಯಿತು. ಆದರೆ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಹೋಬಳಿಯಂತಹ ಸೀಮೆಗೆ ಇದರಿಂದ ದೊರೆಯುವುದೇನು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಇಲ್ಲಿನ ಮಸಾರಿ ಹೊಲಗಳಲ್ಲಿ ಬೆಳೆಯುವುದು ಭತ್ತವಲ್ಲ. ಶೇಂಗಾ, ಮೆಕ್ಕೆಜೋಳ, ಜೋಳ, ಸಜ್ಜೆ, ನವಣೆ, ತೊಗರಿ ಮತ್ತು ಈರುಳ್ಳಿ. ಬರವಂತೂ ಈ ನೆಲಕ್ಕೆ ಅಪರೂಪದ ಅತಿಥಿಯಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ರಾಜ್ಯದ ಉತ್ತರ ಒಣ ವಲಯಕ್ಕೆ ಸೇರಿದವು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆ ರಚನೆಯಾದಾಗ ಆಡಳಿತದ ಗಡಿ ಬದಲಾಯಿತೇ ಹೊರತು ಮೋಡಗಳ ದಾರಿ ಬದಲಾಗಲಿಲ್ಲ. 2023ರ ಮುಂಗಾರು ವಿಫಲವಾದಾಗ ರಾಜ್ಯ ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಿತು. ಸುಮಾರು 48 ಲಕ್ಷ ಹೆಕ್ಟೇರಿನ ಬೆಳೆ ಹಾನಿಯಾಗಿದೆ ಎಂದು ಲೆಕ್ಕ ಹಾಕಿ 18 ಸಾವಿರ ಕೋಟಿ ರೂಪಾಯಿಗೂ ಹೆಚ್ಚಿನ ನೆರವು ಕೋರಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ನಂತರ 2024ರ ಏಪ್ರಿಲ್‌ನಲ್ಲಿ ಕೇಂದ್ರದಿಂದ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ಪರಿಹಾರವನ್ನೇ ನಂಬಿ ಒಕ್ಕಲುತನ ಮಾಡಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಆದ್ದರಿಂದಲೇ ಬರವನ್ನು ತಾಳುವ ಬೆಳೆ ಯಾವುದು, ಅದು ತಾಳುವುದು ಹೇಗೆ ಎಂಬುದು ಕೇವಲ ಪ್ರಯೋಗಾಲಯದ ವಿಷಯವಾಗಿ ಉಳಿದಿಲ್ಲ.

ಗಿಡದ ಮೂರು ಉಪಾಯ

ನೀರಿನ ಕೊರತೆಯನ್ನು ಬೆಳೆಗಳು ಮೂರು ಬಗೆಯಲ್ಲಿ ಎದುರಿಸುತ್ತವೆ. ಮೊದಲನೆಯದು ತಪ್ಪಿಸಿಕೊಳ್ಳುವುದು. ಭೂಮಿಯ ತೇವ ಆರುವ ಮುನ್ನವೇ ಹೂವು, ಕಾಳು ಕಟ್ಟಿ ಜೀವನಚಕ್ರ ಮುಗಿಸುವ ಉಪಾಯವಿದು. 80-90 ದಿನಗಳಲ್ಲಿ ಕೊಯ್ಲಿಗೆ ಬರುವ ನವಣೆ ಇದಕ್ಕೆ ಉತ್ತಮ ಉದಾಹರಣೆ. ಎರಡನೆಯದು ನೀರನ್ನು ಜತನ ಮಾಡುವುದು. ಬೇರು ಆಳಕ್ಕೆ ಇಳಿಯುತ್ತದೆ, ಎಲೆ ಸುರುಳಿಯಾಗುತ್ತದೆ, ಎಲೆಯ ಮೇಲೆ ಮೇಣದ ಪದರ ದಪ್ಪವಾಗುತ್ತದೆ. ಮಣ್ಣು ಒಣಗುತ್ತಿದ್ದಂತೆ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿ, ಅದರ ಸೂಚನೆಯಂತೆ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಮೂರನೆಯದು ನಿಜವಾದ ಸಹಿಷ್ಣುತೆ. ಜೀವಕೋಶದಲ್ಲಿ ನೀರು ಕಡಿಮೆಯಾದರೂ ಪ್ರೋಲಿನ್, ಗ್ಲೈಸಿನ್ ಬೀಟೇನ್‌ನಂತಹ ದ್ರವ್ಯಗಳನ್ನು ಸಂಗ್ರಹಿಸಿಕೊಂಡು, ಪ್ರೋಟೀನುಗಳು ಕೆಡದಂತೆ ಕಾಪಾಡಿಕೊಂಡು, ಮತ್ತೆ ಮಳೆ ಬಂದಾಗ ಚೇತರಿಸಿಕೊಳ್ಳುವ ಶಕ್ತಿ ಇದು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಯಾವ ಉಪಾಯವೂ ಪುಕ್ಕಟೆಯಲ್ಲ. ಪತ್ರರಂಧ್ರ ಮುಚ್ಚಿದರೆ ನೀರು ಉಳಿಯುತ್ತದೆ ನಿಜ, ಆದರೆ ಇಂಗಾಲದ ಡೈಆಕ್ಸೈಡ್ ಒಳಬರುವುದೂ ನಿಲ್ಲುತ್ತದೆ. ಆಹಾರ ತಯಾರಿಕೆ ಕುಂಠಿತವಾಗುತ್ತದೆ. ಬೇರು ಆಳಕ್ಕೆ ಬೆಳೆಯಲು ಬಳಸಿದ ಸತ್ವ ಕಾಳಿಗೆ ಸೇರುವುದಿಲ್ಲ. ಬದುಕಿ ಉಳಿಯುವ ಗಿಡವೇ ಹೆಚ್ಚು ಇಳುವರಿ ಕೊಡುವ ಗಿಡವಾಗಿರಬೇಕೆಂದಿಲ್ಲ. ರೈತನಿಗೆ ಬೇಕಾದದ್ದು ಮಾತ್ರ ಹಸಿರಾಗಿ ನಿಂತ ಹೊಲವಲ್ಲ, ಚೀಲ ತುಂಬುವ ಕಾಳು.

ಬರ ಯಾವ ಹಂತದಲ್ಲಿ ಬರುತ್ತದೆ ಎಂಬುದೂ ಅಷ್ಟೇ ನಿರ್ಣಾಯಕ. ಮೆಕ್ಕೆಜೋಳಕ್ಕೆ ತುದಿಯ ಹೂಗೊಂಚಲು ಪರಾಗ ಉದುರಿಸುವ ಮತ್ತು ತೆನೆಯ ಕೂದಲು ಹೊರಬರುವ ಕೆಲವೇ ದಿನಗಳು ಅತ್ಯಂತ ಸೂಕ್ಷ್ಮ. ಆಗ ತೇವ ಇಲ್ಲದಿದ್ದರೆ ಕೂದಲು ಬರುವುದು ತಡವಾಗಿ, ಪರಾಗ ಸಿಗದೆ, ಆಳೆತ್ತರದ ದಂಟಿನಲ್ಲಿ ಕಾಳಿಲ್ಲದ ತೆನೆ ಉಳಿಯುತ್ತದೆ. ಶೇಂಗಾದ ಕಥೆ ಬೇರೆ. ಮೊದಲ ಹಂತದ ಸಣ್ಣ ಬರವನ್ನು ಅದು ಸಹಿಸುತ್ತದೆ. ಆದರೆ ಹೂವಿನಿಂದ ಹೊರಟ ಎಳೆ ಮಣ್ಣಿಗಿಳಿದು ಕಾಯಿ ಕಟ್ಟುವಾಗ ಮೇಲ್ಮಣ್ಣು ಗಟ್ಟಿಯಾಗಿದ್ದರೆ ಬೆಳೆ ಸೋಲುತ್ತದೆ. ಕೊನೆಯ ಹಂತದ ಬರದಲ್ಲಿ ಕಾಯಿಗೆ ಶಿಲೀಂಧ್ರ ತಗಲಿ ಅಫ್ಲಾಟಾಕ್ಸಿನ್ ವಿಷ ಸೇರುವ ಅಪಾಯವೂ ಉಂಟು. ಜೋಳದ ಕೆಲವು ತಳಿಗಳು ಕಾಳು ತುಂಬುವ ಕಾಲದ ಬರದಲ್ಲಿಯೂ ಎಲೆಯನ್ನು ಹಸಿರಾಗಿ ಉಳಿಸಿಕೊಳ್ಳುತ್ತವೆ. ಕಡಿಮೆ ಕವಲೊಡೆದು, ಎಲೆಯ ಹರವು ತಗ್ಗಿಸಿ, ಹೂ ಬಿಡುವ ಮೊದಲೇ ನೀರನ್ನು ಉಳಿಸಿಡುವುದು ಅವುಗಳ ಗುಟ್ಟು.

ನೀರಿನ ಲೆಕ್ಕವೂ ಬೆಳೆಯಿಂದ ಬೆಳೆಗೆ ಭಿನ್ನ. ಒಂದು ಕಿಲೋ ಒಣ ದ್ರವ್ಯ ಉತ್ಪಾದಿಸಲು ನವಣೆಗೆ ಸುಮಾರು 260 ಲೀಟರ್ ನೀರು ಸಾಕಾದರೆ, ಮೆಕ್ಕೆಜೋಳಕ್ಕೆ ಸುಮಾರು 470 ಲೀಟರ್ ಬೇಕೆಂಬುದು ಸಸ್ಯವಿಜ್ಞಾನಿಗಳ ಅಂದಾಜು. ಆದರೂ ಈ ಭಾಗದಲ್ಲಿ ನವಣೆ, ಸಜ್ಜೆಗಳ ಹೊಲಗಳನ್ನು ಮೆಕ್ಕೆಜೋಳ ಆಕ್ರಮಿಸಿದೆ. ಕಾರಣ ಸಸ್ಯಶಾಸ್ತ್ರದಲ್ಲಿಲ್ಲ, ಮಾರುಕಟ್ಟೆಯಲ್ಲಿದೆ.

ಸವಳಿನ ಎಚ್ಚರಿಕೆ

ಬರಕ್ಕೆ ನೀರಾವರಿಯೇ ಮದ್ದು ಎಂಬ ನಂಬಿಕೆ ಸಹಜ. ಕೂಡ್ಲಿಗಿ ತಾಲ್ಲೂಕಿನ 74 ಕೆರೆಗಳಿಗೆ ತುಂಗಭದ್ರಾ ನೀರು ತುಂಬಿಸುವ ಯೋಜನೆ, ಹಡಗಲಿ ಭಾಗದ ಸಿಂಗಟಾಲೂರು ಏತ ನೀರಾವರಿ ಇಂತಹ ನಿರೀಕ್ಷೆಯ ಫಲ. ಕೆರೆ ತುಂಬುವುದು ಸ್ವಾಗತಾರ್ಹವೇ. ಆದರೆ ಇದೇ ತುಂಗಭದ್ರೆಯ ಅಚ್ಚುಕಟ್ಟು ಕಲಿಸಿದ ಪಾಠವನ್ನು ಮರೆಯುವಂತಿಲ್ಲ. 1953ರಲ್ಲಿ ಕಾಲುವೆಗೆ ನೀರು ಹರಿದ ನಂತರ ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗದ ಎರೆಭೂಮಿಯಲ್ಲಿ ಬಸಿಗಾಲುವೆ ಇಲ್ಲದೆ ನೀರು ನಿಂತು ಒಂದು ಲಕ್ಷ ಹೆಕ್ಟೇರಿಗೆ ಸಮೀಪದ ಭೂಮಿ ಸವಳು-ಜವಳಿಗೆ ತುತ್ತಾಯಿತು.

ಸವಳು ಗಿಡವನ್ನು ಎರಡು ಹಂತದಲ್ಲಿ ಕಾಡುತ್ತದೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದಾಗ ಬೇರಿಗೆ ಆ ನೀರನ್ನು ಹೀರುವುದೇ ಕಷ್ಟವಾಗುತ್ತದೆ; ಹೊಲದಲ್ಲಿ ತೇವವಿದ್ದರೂ ಗಿಡ ಬರಗಾಲವನ್ನೇ ಅನುಭವಿಸುತ್ತದೆ. ನಂತರ ಸೋಡಿಯಂ ಎಲೆಗಳಲ್ಲಿ ಶೇಖರವಾಗಿ ಪೊಟ್ಯಾಷಿಯಂನ ಸ್ಥಾನವನ್ನು ಆಕ್ರಮಿಸಿ ಜೀವಕೋಶವನ್ನು ಕೊಲ್ಲುತ್ತದೆ. ಸಹಿಷ್ಣು ಬೆಳೆಗಳು ಸೋಡಿಯಂ ಅನ್ನು ಬೇರಿನಲ್ಲೇ ತಡೆಯುತ್ತವೆ, ಇಲ್ಲವೇ ಜೀವಕೋಶದ ರಸದಾನಿಯಲ್ಲಿ ಕೂಡಿಹಾಕುತ್ತವೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಗಜನಿಗಳಲ್ಲಿ ಬೆಳೆಯುವ ಕಗ್ಗ ಭತ್ತ, ಕೇರಳದ ಪೊಕ್ಕಾಳಿ ಭತ್ತ ಇಂತಹ ಗುಣವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿವೆ.

ಎಲ್ಲ ಬೆಳೆಗೂ ಈ ಶಕ್ತಿ ಇಲ್ಲ. ಮಣ್ಣಿನ ಲವಣಾಂಶವನ್ನು ವಿದ್ಯುತ್ ವಾಹಕತೆಯಿಂದ ಅಳೆಯುತ್ತಾರೆ. ಅದರ ಏಕಮಾನ ಪ್ರತಿ ಮೀಟರಿಗೆ ಡೆಸಿಸೀಮನ್ಸ್. ಈ ಮಾಪನದಲ್ಲಿ ಹತ್ತಿ 7.7ರವರೆಗೆ, ಜೋಳ 6.8ರವರೆಗೆ ಇಳುವರಿ ಕುಂದದೆ ತಾಳಿಕೊಳ್ಳುತ್ತವೆ. ಶೇಂಗಾದ ಮಿತಿ 3.2, ಮೆಕ್ಕೆಜೋಳದ್ದು 1.7, ಈರುಳ್ಳಿಯದ್ದು ಕೇವಲ 1.2. ಮಿತಿ ದಾಟಿದ ಮೇಲೆ ಪ್ರತಿ ಒಂದು ಏಕಮಾನಕ್ಕೆ ಶೇಂಗಾದ ಇಳುವರಿ ಶೇ 29ರಷ್ಟು ಕುಸಿಯುತ್ತದೆ. ಅಂದರೆ ಈ ಸೀಮೆಯ ರೈತರು ಹಣದ ಆಸೆಯಿಂದ ಆಯ್ದುಕೊಂಡಿರುವ ಬೆಳೆಗಳೇ ಉಪ್ಪಿಗೆ ಅತ್ಯಂತ ಬೇಗ ಮಣಿಯುವಂಥವು.

ಕೊಳವೆಬಾವಿಯ ನೀರಿನ ಲೆಕ್ಕ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಒಂದು ಡೆಸಿಸೀಮನ್ಸ್ ವಾಹಕತೆಯ ನೀರಿನಲ್ಲಿ ಲೀಟರಿಗೆ ಸುಮಾರು 640 ಮಿಲಿಗ್ರಾಂ ಲವಣ ಇರುತ್ತದೆ. ಇಂತಹ ನೀರನ್ನು ಹಂಗಾಮಿಗೆ 500 ಮಿಲಿಮೀಟರ್‌ನಷ್ಟು ಹಾಯಿಸಿದರೆ ಹೆಕ್ಟೇರಿಗೆ ಮೂರು ಟನ್ನಿಗೂ ಹೆಚ್ಚು ಲವಣ ಹೊಲ ಸೇರುತ್ತದೆ. ನೀರು ಆವಿಯಾಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಅದನ್ನು ತೊಳೆದು ಕೆಳಕ್ಕೆ ಒಯ್ಯಲು ಬೇಕಾದ ಉತ್ತಮ ಮಳೆಯೇ ಇಲ್ಲಿ ವಿರಳ. ಮಸಾರಿ ಮಣ್ಣಿನಲ್ಲಿ ನೀರು ಬಸಿಯುವುದರಿಂದ ಅಪಾಯ ಎರೆಭೂಮಿಯಷ್ಟಿಲ್ಲ. ಆದರೆ ಕೆರೆಯ ಕೆಳಗಿನ ತಗ್ಗು ಜಮೀನುಗಳಿಗೆ ಈ ಸಮಾಧಾನ ಅನ್ವಯಿಸದು.

ಹೊಸ ತಳಿಯ ಭರವಸೆ ಎಷ್ಟು?

ಪೂಸಾ ಡಿಎಸ್‌ಟಿ ತಳಿಯನ್ನು ಜನಪ್ರಿಯ ಎಂಟಿಯು-1010 ಭತ್ತದಿಂದ ರೂಪಿಸಲಾಗಿದೆ. ಪತ್ರರಂಧ್ರಗಳ ಸಂಖ್ಯೆಯನ್ನು ನಿಯಂತ್ರಿಸುವ ಡಿಎಸ್‌ಟಿ ಜೀನನ್ನು ಕ್ರಿಸ್ಪರ್ ತಂತ್ರದಿಂದ ನಿಷ್ಕ್ರಿಯಗೊಳಿಸಲಾಗಿದೆ. ಹೊರಗಿನ ಜೀನು ಇಲ್ಲದ ಇಂತಹ ತಳಿಗಳಿಗೆ ಕುಲಾಂತರಿ ನಿಯಮಗಳಿಂದ 2022ರಲ್ಲಿಯೇ ವಿನಾಯಿತಿ ದೊರೆತಿದೆ. ಲವಣಯುಕ್ತ ಹಾಗೂ ಕ್ಷಾರೀಯ ಮಣ್ಣುಗಳಲ್ಲಿ ಮೂಲ ತಳಿಗಿಂತ ಶೇ 9ರಿಂದ 30ರಷ್ಟು ಹೆಚ್ಚು ಇಳುವರಿ ಬಂದಿದೆ ಎಂಬುದು ಸರ್ಕಾರದ ಹೇಳಿಕೆ. ಪ್ರಯೋಗದ ಅಂಕಿಅಂಶಗಳನ್ನು ಕುಲಾಂತರಿ ವಿರೋಧಿ ಸಂಘಟನೆಗಳು ಪ್ರಶ್ನಿಸಿವೆ. ಅಮೆರಿಕದಲ್ಲಿ 2013ರಲ್ಲಿ ವಾಣಿಜ್ಯಿಕವಾಗಿ ಬಂದ ಬರ ಸಹಿಷ್ಣು ಕುಲಾಂತರಿ ಮೆಕ್ಕೆಜೋಳದ ಲಾಭವೂ ಸಾಧಾರಣವಾಗಿಯೇ ಉಳಿಯಿತು ಎಂಬುದನ್ನು ಇಲ್ಲಿ ಸ್ಮರಿಸಬಹುದು. ಬರ ಸಹಿಷ್ಣುತೆ ಒಂದೇ ಜೀನಿನ ಗುಣವಲ್ಲ. ಅನೇಕ ಜೀನುಗಳು, ಮಣ್ಣು ಮತ್ತು ಹವಾಮಾನ ಸೇರಿ ನಿರ್ಧರಿಸುವ ಗುಣ.

ಸಾಂಪ್ರದಾಯಿಕ ತಳಿ ಅಭಿವೃದ್ಧಿಯ ಸಾಧನೆಯೂ ಕಡಿಮೆಯಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಶೈಲಜಾ ಹಿತ್ತಲಮನಿ ಅವರ ತಂಡ ಗದ್ದೆಯಲ್ಲಿ ನೀರು ನಿಲ್ಲಿಸದೆ ಬೆಳೆಯಬಲ್ಲ 'ಶಾರದಾ' ಎಂಬ ಏರೋಬಿಕ್ ಭತ್ತವನ್ನು ರೂಪಿಸಿ 2007ರಲ್ಲಿ ಬಿಡುಗಡೆ ಮಾಡಿತು. ಆದರೆ ತಳಿ ಬಿಡುಗಡೆಯಾಗುವುದು ಬೇರೆ, ಹೊಲ ತಲುಪುವುದು ಬೇರೆ. 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ಶೇಂಗಾ ತಳಿ ದಶಕಗಳ ಕಾಲ ಒಣಸೀಮೆಯ ಹೊಲಗಳನ್ನು ಆಳಿದ್ದು ಇದಕ್ಕೆ ನಿದರ್ಶನ. ಶೇಂಗಾಕ್ಕೆ ಎಕರೆಗೆ 40-50 ಕಿಲೋ ಬೀಜ ಬೇಕು. ಒಂದು ಕಾಳಿನಿಂದ ಸಿಗುವ ಕಾಳುಗಳೂ ಸೀಮಿತ. ಖಾಸಗಿ ಕಂಪನಿಗಳಿಗೆ ಇದರಲ್ಲಿ ಮೆಕ್ಕೆಜೋಳದ ಹೈಬ್ರಿಡ್‌ನಂತಹ ಲಾಭವಿಲ್ಲ. ಹೀಗಾಗಿ ಉತ್ತಮ ತಳಿಗಳು ಸಂಶೋಧನಾ ಕೇಂದ್ರದ ಬೇಲಿ ದಾಟುವುದು ನಿಧಾನ.

ಆಗಬೇಕಾದದ್ದೇನು?

ಬೆಳೆ ಆಯ್ಕೆಯನ್ನು ಅಂತಿಮವಾಗಿ ನಿರ್ಧರಿಸುವುದು ಬೆಲೆ. ಜೋಳ, ಸಜ್ಜೆ, ರಾಗಿಗಳಿಗೆ ಕೇಂದ್ರದ ಬೆಂಬಲ ಬೆಲೆಯುಂಟು. ಬರಕ್ಕೆ ಅತ್ಯಂತ ಹೊಂದುವ ನವಣೆಗೆ ಇಲ್ಲ. 2023 ಅನ್ನು ಜಗತ್ತು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ರಾಜ್ಯದ 'ರೈತ ಸಿರಿ' ಯೋಜನೆ ಹೆಕ್ಟೇರಿಗೆ 10 ಸಾವಿರ ರೂಪಾಯಿ ಪ್ರೋತ್ಸಾಹಧನವನ್ನೂ ಗೊತ್ತುಮಾಡಿತು. ಆದರೆ ಖಚಿತ ಖರೀದಿ ಇಲ್ಲದ ಪ್ರೋತ್ಸಾಹ ಒಂದು ಹಂಗಾಮಿಗೆ ಮಾತ್ರ ಆಸರೆ. ಅತ್ತ ಮೆಕ್ಕೆಜೋಳವಾದರೂ ಸುರಕ್ಷಿತವೇ? 2025ರಲ್ಲಿ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿದ್ದರೂ ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು ರೈತರು ಬೀದಿಗಿಳಿಯಬೇಕಾಯಿತು. ಬರಕ್ಕೂ ಬೆಲೆಗೂ ಏಕಕಾಲಕ್ಕೆ ಮಣಿಯುವ ಬೆಳೆಯ ಮೇಲೆ ಇಡೀ ಸೀಮೆ ಅವಲಂಬಿಸುವುದು ವಿವೇಕವಲ್ಲ.

ಬರ ಸಹಿಷ್ಣು ಶೇಂಗಾ, ಜೋಳ, ನವಣೆ ತಳಿಗಳ ಬೀಜೋತ್ಪಾದನೆ ರೈತ ಸಂಘಗಳ ಮೂಲಕ ಹೋಬಳಿ ಮಟ್ಟದಲ್ಲೇ ನಡೆಯಬೇಕು. ಹಗರಿಯ ಕೃಷಿ ಸಂಶೋಧನಾ ಕೇಂದ್ರದ ಪ್ರಯೋಗಗಳು ಮಳೆಯಾಶ್ರಿತ ಮಸಾರಿ ಹೊಲಗಳಿಗೂ ಬರಬೇಕು. ಕೆರೆ ತುಂಬಿಸುವ ಯೋಜನೆಯ ಜೊತೆಗೇ ಬಸಿಗಾಲುವೆ ಮತ್ತು ಮಣ್ಣು-ನೀರಿನ ಲವಣ ಪರೀಕ್ಷೆಗೆ ಹಣ ಮೀಸಲಿಡಬೇಕು. ಸವಳು ಬಂದ ಮೇಲೆ ಜಿಪ್ಸಂ ಸುರಿಯುವುದಕ್ಕಿಂತ ಅದು ಬಾರದಂತೆ ತಡೆಯುವ ಖರ್ಚು ಕಡಿಮೆ. ತೊಗರಿಯಂತಹ ಆಳ ಬೇರಿನ ಬೆಳೆಯನ್ನು ಅಕ್ಕಡಿಯಾಗಿ ಬಿತ್ತುವ ಹಳೆಯ ಪದ್ಧತಿಗೂ ಉತ್ತೇಜನ ಸಲ್ಲಬೇಕು. ಒಂದು ಬೆಳೆ ಸೋತಾಗ ಇನ್ನೊಂದು ಕೈಹಿಡಿಯುವ ಈ ವ್ಯವಸ್ಥೆ ಹಿರಿಯರು ಕಂಡುಕೊಂಡ ಬೆಳೆವಿಮೆಯೇ ಆಗಿತ್ತು.

ವಿಜ್ಞಾನ ಗಿಡದ ತಾಳಿಕೆಯನ್ನು ಹೆಚ್ಚಿಸಬಲ್ಲದು. ಆದರೆ ಬಿತ್ತಿದವನ ತಾಳಿಕೆಗೂ ಒಂದು ಮಿತಿ ಇದೆ. ಬೀಜ, ಬೆಲೆ ಮತ್ತು ಮಣ್ಣಿನ ಆರೋಗ್ಯ ಮೂರನ್ನೂ ಒಟ್ಟಿಗೆ ನೋಡದ ನೀತಿ ಆ ಮಿತಿಯನ್ನು ಪ್ರತಿ ಬರದಲ್ಲೂ ಪರೀಕ್ಷಿಸುತ್ತಲೇ ಇರುತ್ತದೆ.