ಸ್ಟ್ಯಾಂಡ್ ಇರಲಿ, ಬಿಯರ್ ಬೇಡ



ಮನೆಯಲ್ಲೇ ಬಿಯರ್ ತಯಾರಿಸುವವರು ಮೂರು ಮೆಟ್ಟಿಲಿನ ಮರದ ಸ್ಟ್ಯಾಂಡ್ ಕಟ್ಟುತ್ತಾರೆ. ಮೇಲೆ ಬಿಸಿನೀರು, ನಡುವೆ ಮೊಳಕೆ ಬಾರ್ಲಿ, ಕೆಳಗೆ ಕುದಿಸುವ ಪಾತ್ರೆ; ಪಂಪಿಲ್ಲದೆ ಎಲ್ಲವೂ ತಾನಾಗಿ ಇಳಿಯುತ್ತದೆ. ನಮ್ಮಂಥ ಇಂಜಿನಿಯರುಗಳಿಗೆ ಕೈ ತುರಿಸುವುದು ಸಹಜ.

ಆದರೆ ಒಮಾನಿನಲ್ಲಿ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಕೊಳ್ಳುವ ಪರ್ಮಿಟ್ ತಯಾರಿಸುವ ಪರವಾನಗಿಯಲ್ಲ. ಸಿಕ್ಕಿಬಿದ್ದರೆ ಅಪಾಯ ಒಬ್ಬರ ಕೆಲಸಕ್ಕಷ್ಟೇ ಅಲ್ಲ, ಇಡೀ ಸಂಸಾರದ ವೀಸಾಕ್ಕೆ, ಮಕ್ಕಳ ಶಾಲೆಗೆ. ಊರಲ್ಲೂ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ತಯಾರಿಸುವಂತಿಲ್ಲ.

ಆಸೆ ಮರಗೆಲಸದ್ದಾದರೆ, ಬಡಗಿ ಅಂಗಡಿಯಲ್ಲಿ ಹಲಗೆ ಕೊಯ್ಸಿ ತಂದು ಮಕ್ಕಳ ಜೊತೆ ಅದೇ ಸ್ಟ್ಯಾಂಡ್ ಕಟ್ಟಿ. 20 ಲೀಟರ್ ನೀರೆಂದರೆ 20 ಕೆಜಿ. ಭಾರ ಮೊಳೆಯ ಮೇಲಲ್ಲ, ಕಾಲಿನ ಮೇಲೆ ಕೂರಲಿ. ನೀರಿನ ಮಡಕೆ, ಉಪ್ಪಿನಕಾಯಿ ಭರಣಿ ಇಡಿ. ಏನಾದರೂ ಹುಳಿ ಬರಿಸಲೇಬೇಕೆಂದರೆ ದೋಸೆ ಹಿಟ್ಟು ಇದೆಯಲ್ಲ!