ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್

ಮಳೆ ಹಿಡಿಯಿತೆಂದರೆ ಸೊರಬದ ಒಳಹಳ್ಳಿಗಳಲ್ಲಿ ತೋಟದ ದಾರಿ ದಾರಿಯಾಗಿ ಉಳಿಯುವುದಿಲ್ಲ. ಕೊಳೆರೋಗ ಬರುವ ಮುಂಚೆ ಬೋರ್ಡೋ ಹೊಡೆಯಬೇಕು. ಡ್ರಮ್ಮು, ಪಂಪು, ಸುತ್ತಿದ ಪೈಪು, ನಾಲ್ಕು ಆಳುಗಳು ಒಟ್ಟಿಗೆ ತೋಟ ಮುಟ್ಟಬೇಕು. ಶಿಕಾರಿಪುರದ ಕಡೆ ಇದೇ ಪಾಡು ಶುಂಠಿಯ ಚೀಲಕ್ಕೆ, ಮೆಕ್ಕೆಜೋಳದ ಲೋಡಿಗೆ. ಈ ಕೆಲಸಕ್ಕೆಲ್ಲ ಹೇಳಿ ಮಾಡಿಸಿದಂತಿರುವುದು ಹಳೆಯ ಫೋರ್ ವೀಲ್ ಜೀಪು. ಮುಂದೆ ಮಹೀಂದ್ರ ಎಂದು ಬರೆದಿದ್ದರೂ ಮಲೆನಾಡಿನವರ ಬಾಯಲ್ಲಿ ಅದು ಈಗಲೂ ‘ವಿಲ್ಲೀಸ್’.

ಅಂಥ ಒಂದು ಜೀಪಿನ ಬಾನೆಟ್ ಎತ್ತಿ ನೋಡಿ. ಆರ್‌ಸಿ ಪ್ರಕಾರ ಒಳಗಿರಬೇಕಾದದ್ದು 2199 ಸಿಸಿಯ ‘ಹರಿಕೇನ್’ ಪೆಟ್ರೋಲ್ ಎಂಜಿನ್. ಕಾರ್ಬುರೇಟರ್, ಸ್ಪಾರ್ಕ್ ಪ್ಲಗ್, ಡಿಸ್ಟ್ರಿಬ್ಯೂಟರ್ ಕಾಣಬೇಕು. ಕಾಣುವುದು ಇಂಜೆಕ್ಟರ್ ಪೈಪುಗಳ ಸಾಲು, ಡೀಸೆಲ್ ಪಂಪು, ಚಾಸಿಗೆ ಹೊಸದಾಗಿ ವೆಲ್ಡ್ ಮಾಡಿದ ಮೌಂಟಿಂಗ್ ಪ್ಲೇಟು. ಎಂಜಿನ್ ನಂಬರಿಗೂ ಆರ್‌ಸಿಯ ನಂಬರಿಗೂ ಸಂಬಂಧವಿಲ್ಲ. ಜೀಪು ಚೆನ್ನಾಗಿ ಓಡುತ್ತದೆ, ಬ್ರೇಕು ಹಿಡಿಯುತ್ತದೆ, ಏರು ಹತ್ತುತ್ತದೆ. ಕಾನೂನಿನ ಲೆಕ್ಕದಲ್ಲಿ ಮಾತ್ರ ಅದರ ಮಾಲೀಕ ಅಪರಾಧಿ.

ಈ ಬದಲಾವಣೆ ಶೋಕಿಗೆ ಆದದ್ದಲ್ಲ. ಆ ಪೆಟ್ರೋಲ್ ಎಂಜಿನ್ ಎಷ್ಟು ಕುಡಿಯುತ್ತದೆ ಎಂಬುದು ಓಡಿಸಿದವರಿಗೆ ಗೊತ್ತು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ದರ ಸರ್ಕಾರದ ನಿಯಂತ್ರಣದಿಂದ ಹೊರಬರುವವರೆಗೆ ಪೆಟ್ರೋಲಿಗೂ ಡೀಸೆಲ್ಲಿಗೂ ಇದ್ದ ಅಂತರ ಸಣ್ಣದಲ್ಲ. ಕೆಸರಿನಲ್ಲಿ ಕಡಿಮೆ ವೇಗದಲ್ಲಿ ಎಳೆಯುವ ಬಲವೂ ಡೀಸೆಲ್ಲಿಗೇ ಹೆಚ್ಚು. ಇದು ಗ್ಯಾರೇಜಿನ ಮೇಸ್ತ್ರಿಯೊಬ್ಬನ ತಲೆಯಲ್ಲಿ ಹುಟ್ಟಿದ ಪ್ರಯೋಗವೂ ಅಲ್ಲ. 1940ರ ದಶಕದ ಕೊನೆಯಲ್ಲಿ ವಿಲ್ಲೀಸ್ ಜೀಪು ಜೋಡಿಸಲು ಹೊರಟ ಮಹೀಂದ್ರ ಕಂಪನಿಯೇ ಮುಂದೆ ಅದೇ ತಳಿಯ ಜೀಪುಗಳಿಗೆ ಟ್ರ್ಯಾಕ್ಟರ್ ಮೂಲದ ಎಂಡಿಐ ಡೀಸೆಲ್ ಎಂಜಿನ್ನನ್ನೂ, ಫ್ರಾನ್ಸಿನ ಪೂಜೋ ಕಂಪನಿಯ ಎಕ್ಸ್‌ಡಿಪಿ 4.90 ಡೀಸೆಲ್ ಎಂಜಿನ್ನನ್ನೂ ಕೂರಿಸಿ ಮಾರಿತು. ಕಾರ್ಖಾನೆಯಲ್ಲಿ ಆದರೆ ಅದು ಹೊಸ ಮಾಡೆಲ್, ಶಿರಾಳಕೊಪ್ಪದ ಗ್ಯಾರೇಜಿನಲ್ಲಿ ಆದರೆ ಅಪರಾಧ ಎನ್ನುವುದನ್ನು ಒಪ್ಪುವುದು ಕಷ್ಟ.

ಕಾನೂನು ಮೊದಲಿನಿಂದ ಹೀಗಿರಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮೂಲದಲ್ಲಿ ಹೇಳಿದ್ದು ಸರಳ: ವಾಹನ ಬದಲಾಯಿಸುವ ಮುನ್ನ ನೋಂದಣಿ ಅಧಿಕಾರಿಗೆ ತಿಳಿಸು, ಒಪ್ಪಿಗೆ ಪಡೆ. ಅಧಿಕಾರಿ 7 ದಿನದೊಳಗೆ ಉತ್ತರಿಸಬೇಕು. ಉತ್ತರ ಬಾರದಿದ್ದರೆ ಒಪ್ಪಿಗೆ ಸಿಕ್ಕಿತೆಂದೇ ಲೆಕ್ಕ. ರೈತನ ಕಾಲಕ್ಕೂ ಬೆಲೆ ಕೊಟ್ಟ ಕಾನೂನು ಅದು. 2000ದ ತಿದ್ದುಪಡಿ ಇದನ್ನು ಕಿತ್ತುಹಾಕಿತು. ತಯಾರಕರು ನಮೂದಿಸಿದ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ಯಾವ ಮಾಲೀಕನೂ ವಾಹನ ಬದಲಾಯಿಸಕೂಡದು ಎಂದಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿಯಂಥ ಬೇರೆ ಇಂಧನಕ್ಕೆ ಕಿಟ್ ಹಾಕಿಸಲು ದಾರಿ ಬಿಟ್ಟಿತು. ಹತ್ತಕ್ಕೆ ಕಡಿಮೆಯಿಲ್ಲದಷ್ಟು ಸಾರಿಗೆ ವಾಹನ ಇರುವ ಮಾಲೀಕನಿಗೆ, ಅದೇ ತಯಾರಿಕೆಯ ಅದೇ ಬಗೆಯ ಎಂಜಿನ್ನನ್ನು ಮುಂಚಿತ ಒಪ್ಪಿಗೆಯಿಲ್ಲದೆ ಬದಲಾಯಿಸಿಕೊಳ್ಳುವ ಅವಕಾಶ ನೀಡಲು ರಾಜ್ಯಗಳಿಗೆ ಅಧಿಕಾರವೂ ಈ ಕಲಮಿನಲ್ಲಿದೆ. ಒಂದೇ ಜೀಪಿನವನ ನೆನಪು ಯಾರಿಗೂ ಆಗಲಿಲ್ಲ.

2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಕೆ. ಜಯಚಂದ್ರ ಪ್ರಕರಣದಲ್ಲಿ ಈ ಕಲಮಿನ ಅರ್ಥವನ್ನು ಇನ್ನಷ್ಟು ಬಿಗಿ ಮಾಡಿತು: ತಯಾರಕರ ಮೂಲ ವಿವರವೇ ಅಂತಿಮ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅಕ್ರಮ ಬದಲಾವಣೆಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಇಟ್ಟಿತು. ಶ್ರೀನಗರದ ಟ್ರಾಫಿಕ್ ಮ್ಯಾಜಿಸ್ಟ್ರೇಟ್ ಕೋರ್ಟು ಸೈರನ್, ದೊಡ್ಡ ಟಯರ್ ಹಾಕಿಸಿದ್ದ ಥಾರ್ ಮಾಲೀಕನಿಗೆ 6 ತಿಂಗಳ ಶಿಕ್ಷೆ ವಿಧಿಸಿ, ಬಳಿಕ ಬಾಂಡ್ ಬರೆಸಿಕೊಂಡು ಬಿಟ್ಟ ಸುದ್ದಿ ದೇಶವೆಲ್ಲ ಓದಿದೆ. ಪೇಟೆಯ ರಸ್ತೆಯಲ್ಲಿ ಸೈರನ್ ಹೊಡೆಯುವವನನ್ನು ಹಿಡಿಯಲಿ, ತಕರಾರಿಲ್ಲ. ಆದರೆ ಆ ಥಾರ್‌ಗೂ ಚಂದ್ರಗುತ್ತಿಯ ಕಡೆಯ ಅಡಿಕೆ ಬೆಳೆಗಾರನ ಜೀಪಿಗೂ ಒಂದೇ ಕಲಂ, ಒಂದೇ ಶಿಕ್ಷೆ. ಈ ಲೇಖನದ ತಕರಾರು ಇರುವುದು ಇಲ್ಲಿ.

ಖಾಸಗಿ ವಾಹನದ ನೋಂದಣಿಗೆ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಆ ದಿನ ಜೀಪನ್ನು ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು, ಪೆನ್ಸಿಲ್ ಉಜ್ಜಿ ತೆಗೆದ ಚಾಸಿ ಪ್ರಿಂಟ್ ಅರ್ಜಿಗೆ ಅಂಟಿಸಬೇಕು. ಆಗ ಡೀಸೆಲ್ ಕೂರಿಸಿದವನ ಮುಂದೆ ಮೂರು ದಾರಿ. ಮೂಲೆಗೆ ಬಿದ್ದ ಹಳೆಯ ಪೆಟ್ರೋಲ್ ಎಂಜಿನ್ನನ್ನು ಚೈನ್ ಪುಲ್ಲಿಯಲ್ಲಿ ಎತ್ತಿ ಮತ್ತೆ ಕೂರಿಸಿ, ಕೆಲಸ ಮುಗಿದ ಮೇಲೆ ಇಳಿಸುವುದು. ಏಜೆಂಟನ ಕೈ ಬಿಸಿ ಮಾಡಿ ಬಾನೆಟ್ ಎತ್ತದಂತೆ ನೋಡಿಕೊಳ್ಳುವುದು. ಇಲ್ಲವಾದರೆ ನವೀಕರಣದ ಗೋಜಿಗೇ ಹೋಗದೆ ಕಾಗದವಿಲ್ಲದ ಜೀಪನ್ನು ಊರೊಳಗೇ ಓಡಿಸುವುದು. ಇದ್ದದ್ದನ್ನು ಇದ್ದಂತೆ ಹೇಳಿ ಶುಲ್ಕ ಕಟ್ಟುತ್ತೇನೆ ಎನ್ನುವವನಿಗೆ ನಾಲ್ಕನೆಯ ದಾರಿ ಇಲ್ಲ. ಸುಳ್ಳು ಹೇಳಿದವನಿಗೆ ಆರ್‌ಸಿ ಸಿಗುವ, ನಿಜ ಹೇಳಿದವನಿಗೆ ಸಿಗದ ವ್ಯವಸ್ಥೆಯನ್ನು ಸುರಕ್ಷತೆಯ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವುದು ತಪ್ಪು. ಆ ಜೀಪಿನ ಬ್ರೇಕು ಡೀಸೆಲ್ ಎಂಜಿನ್ನಿನ ಹೆಚ್ಚುವರಿ ಭಾರಕ್ಕೆ ಸಾಕೇ ಎಂದು ಯಾರೂ ನೋಡುವುದೇ ಇಲ್ಲವಲ್ಲ!

ನೋಡಲೇಬೇಕಾದ ಸಂಗತಿ ಅದು. ಡೀಸೆಲ್ ಎಂಜಿನ್ ಭಾರ ಹೆಚ್ಚು. ಮುಂದಿನ ಪಾಟಾ ಕುಸಿಯುತ್ತದೆ, ಸ್ಟೇರಿಂಗ್ ಗಟ್ಟಿಯಾಗುತ್ತದೆ. ಹಳೆಯ ಜೀಪಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಎಂಜಿನ್ನಿನ ನಡುಕ ತಡೆಯುವ ರಬ್ಬರ್ ಸರಿಯಿಲ್ಲದಿದ್ದರೆ ವರ್ಷದೊಳಗೆ ಚಾಸಿ ಬಿರುಕು ಬಿಡಬಹುದು. ಬಲ್ಲ ಮೇಸ್ತ್ರಿ ಇದನ್ನೆಲ್ಲ ನೋಡಿಯೇ ಕೈ ಹಾಕುತ್ತಾನೆ, ಅರೆಬರೆ ಬಲ್ಲವನು ನೋಡುವುದಿಲ್ಲ. ಇಬ್ಬರ ಕೆಲಸವನ್ನೂ ಬೇರ್ಪಡಿಸಬೇಕಾದದ್ದು ತಪಾಸಣೆ. ಬದಲಾವಣೆಯನ್ನೇ ನಿಷೇಧಿಸಿದ ಮೇಲೆ ತಪಾಸಣೆ ಎಲ್ಲಿಂದ ಬರಬೇಕು?

ಹೊಗೆಯ ಮಾತು ಬರುತ್ತದೆ. ಹಳೆಯ ಡೀಸೆಲ್ ಹೊಗೆ ಉಗುಳುತ್ತದೆ, ನಿಜ. ಹಳೆಯ ಡೀಸೆಲ್ ವಾಹನಗಳ ಹೊಗೆಗೆ 65 ಹಾರ್ಟ್ರಿಜ್ ಯೂನಿಟ್ಟಿನ ಮಿತಿ ಈಗಾಗಲೇ ಇದೆ. ಅದನ್ನು ಅಳೆಯುವ ಯಂತ್ರವೂ ಇದೆ. ಇವತ್ತು ಆರ್‌ಸಿಯಲ್ಲಿ ಪೆಟ್ರೋಲ್ ಎಂದಿರುವ ಜೀಪಿಗೆ ಪ್ರಾಮಾಣಿಕವಾಗಿ ಡೀಸೆಲ್ ಹೊಗೆ ಪರೀಕ್ಷೆ ಮಾಡಿಸುವುದಕ್ಕೂ ಆಗದು. ಕಳ್ಳ ಎಂಜಿನ್ನಿನ ಮಾತೂ ಬರುತ್ತದೆ. ಅದು ಗಟ್ಟಿ ಆಕ್ಷೇಪ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದಲೋ ಕೊಯಮತ್ತೂರಿನ ಉಕ್ಕಡಂನಿಂದಲೋ ಬಂದ ಎಂಜಿನ್ನಿನ ಮೂಲ ಯಾವುದು ಎಂದು ಕೇಳುವ ಹಕ್ಕು ಪೊಲೀಸರಿಗಿದೆ. ಇದಕ್ಕೂ ಉತ್ತರ ಸರ್ಕಾರದ ಬಳಿಯೇ ಇದೆ. 2021ರ ಸೆಪ್ಟೆಂಬರ್‌ನ ನಿಯಮದಂತೆ ನೋಂದಾಯಿತ ಗುಜರಿ ಕೇಂದ್ರಗಳು ವಾಹನ ಕದ್ದದ್ದೇ ಅಲ್ಲವೇ ಎಂದು ದಾಖಲೆ ನೋಡಿಯೇ ಒಡೆಯಬೇಕು. ಅಲ್ಲಿಂದ ರಸೀದಿಯೊಡನೆ ಬಂದ, ಅದೇ ತಯಾರಕರ ಎಂಜಿನ್ನಿಗೆ ಮಾತ್ರ ಒಪ್ಪಿಗೆ ಎಂದರೆ ಕಳ್ಳಮಾಲಿನ ಬಾಗಿಲು ತಾನಾಗಿ ಮುಚ್ಚುತ್ತದೆ.

ಹಳೆಯ ವಾಹನಗಳ ಬಗ್ಗೆ ಸರ್ಕಾರಕ್ಕೆ ಕರುಣೆಯೇ ಇಲ್ಲ ಎಂದೇನೂ ಅಲ್ಲ. 2021ರ ಜುಲೈನಲ್ಲಿ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ತಂದಿತು, ಶುಲ್ಕ 20,000 ರೂಪಾಯಿ. ಆದರೆ ಎಂಜಿನ್ ಮೂಲದ್ದೇ ಇರಬೇಕು, ದಿನನಿತ್ಯ ಓಡಿಸಕೂಡದು. ಶೆಡ್ಡಿನಲ್ಲಿ ಒರೆಸಿ ಇಡುವವನಿಗೆ ಅದು ಸರಿ. ತೋಟಕ್ಕೆ ಗೊಬ್ಬರ ಹೊರುವವನಿಗೆ ಅದರಿಂದ ಪ್ರಯೋಜನವಿಲ್ಲ. ಅವನ ಪಾಲಿಗೆ ಬಂದದ್ದು ಶುಲ್ಕದ ಏರಿಕೆ: 600 ರೂಪಾಯಿ ಇದ್ದ ಕಾರು-ಜೀಪಿನ ನವೀಕರಣ 2022ರ ಏಪ್ರಿಲ್‌ನಿಂದ 5,000 ಆಯಿತು, 20 ವರ್ಷ ದಾಟಿದ್ದಕ್ಕೆ 2025ರ ಆಗಸ್ಟ್‌ನಲ್ಲಿ 10,000.

ಇದನ್ನು ಸರಿಪಡಿಸಲು ಸಂಸತ್ತು ಸೇರಬೇಕಿಲ್ಲ. ನಿರ್ದಿಷ್ಟ ಉದ್ದೇಶಕ್ಕಾಗಿ ಬೇರೆ ರೀತಿಯ ಬದಲಾವಣೆಗೂ ಕೇಂದ್ರ ಸರ್ಕಾರ ವಿನಾಯಿತಿ ಕೊಡಬಹುದು ಎಂದು 52ನೇ ಕಲಮಿನ ಮೊದಲ ಉಪಕಲಮಿನಲ್ಲೇ ಇದೆ. ಹಳೆಯ ಫೋರ್ ವೀಲ್ ಜೀಪಿಗೆ ಅದೇ ಕಂಪನಿಯ ಡೀಸೆಲ್ ಎಂಜಿನ್, ಮೂಲ ಸಾಬೀತಿನ ಕಾಗದ, ಬ್ರೇಕು ಮತ್ತು ಹೊಗೆ ಪರೀಕ್ಷೆ, ಹೊಸ ಎಂಜಿನ್ ನಂಬರು ಆರ್‌ಸಿಗೆ: ಇಷ್ಟನ್ನು ಹೇಳುವ ಅಧಿಸೂಚನೆ ಒಂದು ಪುಟ ದಾಟದು. ರಾಜ್ಯ ತನ್ನ ಮಟ್ಟದಲ್ಲೇ ಮಾಡಬಹುದಾದದ್ದೂ ಇದೆ. 2000ಕ್ಕೆ ಮುಂಚೆ ಕಾನೂನುಬದ್ಧವಾಗಿ ಅರ್ಜಿ ಕೊಟ್ಟು ಎಂಜಿನ್ ಬದಲಾಯಿಸಿಯೂ ಆರ್‌ಸಿಯಲ್ಲಿ ನಮೂದಾಗದೆ ಉಳಿದ ಜೀಪುಗಳ ಕಡತವನ್ನು ಶಿವಮೊಗ್ಗ, ಸಾಗರದ ಸಾರಿಗೆ ಕಚೇರಿಗಳು ತೆರೆದು ನೋಡಲಿ.

ಸೊರಬದಿಂದ 2023ರಲ್ಲಿ ಗೆದ್ದ ಮಧು ಬಂಗಾರಪ್ಪ ರಾಜ್ಯದ ಮಂತ್ರಿ ಮಂಡಲ ಸೇರಿದವರು. ಶಿಕಾರಿಪುರದಿಂದ ಅದೇ ವರ್ಷ ಆರಿಸಿಬಂದವರು ಬಿ.ವೈ. ವಿಜಯೇಂದ್ರ, ಶಿವಮೊಗ್ಗದಿಂದ 2024ರಲ್ಲಿ ಲೋಕಸಭೆಗೆ ಹೋದವರು ಬಿ.ವೈ. ರಾಘವೇಂದ್ರ. ಒಬ್ಬರ ಪಕ್ಷ ಬೆಂಗಳೂರಿನಲ್ಲಿ ಗೆದ್ದಿತು, ಇನ್ನಿಬ್ಬರ ಪಕ್ಷ ದೆಹಲಿಯಲ್ಲಿ. ಮೂವರೂ ಸೇರಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯಕ್ಕೆ ಒಂದು ಮನವಿ ಬರೆಯಲಿ. ಜೀಪಿನ ಮಾಲೀಕರು ಏಜೆಂಟನ ಮನೆಗೆ ಹೋಗುವುದನ್ನು ಬಿಟ್ಟು, ಎಂಜಿನ್ ನಂಬರು, ಕೊಂಡ ರಸೀದಿ, ಹಳೆಯ ಅರ್ಜಿಯ ಪ್ರತಿ ಹಿಡಿದು ಆ ಮನವಿಗೆ ಸಹಿ ಹಾಕಲಿ.